ಪಾಚಿ ಇಂಧನ ಕಂಪನಿಗಳ ಪೆನ್ನಿ ಷೇರು ಕೊಳ್ಳಬಹುದಾ?

ಪೆನ್ನಿ ಷೇರು (ತೀರಾ ಕಡಿಮೆ ಬೆಲೆಗೆ ಸಿಗುವ ಸಣ್ಣ ಕಂಪನಿಯ ಷೇರು) ಅಗ್ಗ, ಪಾಚಿ ಇಂಧನಕ್ಕೆ ಭವಿಷ್ಯವೂ ಇದೆ, ಈಗಲೇ ಕೊಂಡಿಟ್ಟರೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇದು ಹೂಡಿಕೆಗಿಂತ ಜೂಜಿಗೇ ಹತ್ತಿರ.

ಪಾಚಿಯಿಂದ ಎಣ್ಣೆ ಬರುವುದು ನಿಜ. ತೊಂದರೆ ಇರುವುದು ಖರ್ಚಿನಲ್ಲಿ. ತೆರೆದ ಕೊಳದಲ್ಲಿ ಬೆಳೆದರೆ ಒಂದು ಲೀಟರ್ ನೀರಿಗೆ ಸಿಗುವ ಒಣ ಪಾಚಿ ಸಾಮಾನ್ಯವಾಗಿ ಒಂದು ಗ್ರಾಮಿಗಿಂತಲೂ ಕಡಿಮೆ. ಅಷ್ಟಕ್ಕಾಗಿ ನೀರನ್ನೆಲ್ಲ ಬೇರ್ಪಡಿಸಬೇಕು, ಆಮೇಲೆ ಎಣ್ಣೆ ತೆಗೆಯಬೇಕು. ಇಷ್ಟೆಲ್ಲ ಆದ ಮೇಲೆ ಬೆಲೆಯಲ್ಲಿ ಡೀಸೆಲ್ ಜೊತೆ ಪೈಪೋಟಿ!

ದೊಡ್ಡವರಿಗೂ ಇದು ಕೈಗೂಡಿಲ್ಲ. ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್ 2009ರಲ್ಲಿ 60 ಕೋಟಿ ಡಾಲರ್‌ವರೆಗೆ ಹಾಕುವುದಾಗಿ ಹೇಳಿ, 2023ರ ಹೊತ್ತಿಗೆ ಕೈಬಿಟ್ಟಿತು. ಸೋಲಾಜೈಮ್ ಎಂಬ ಅಮೆರಿಕದ ಕಂಪನಿ ಪಾಚಿಯನ್ನು ಕೊಳದ ಬದಲು ಟ್ಯಾಂಕಿನಲ್ಲಿ ಸಕ್ಕರೆ ಹಾಕಿ ಬೆಳೆಸಿತು. 2011ರಲ್ಲಿ ಅದು ಮೊದಲ ಬಾರಿ ಜನರಿಗೆ ಷೇರು ಮಾರಿದಾಗ (ಐಪಿಒ) ಒಂದು ಷೇರಿನ ಬೆಲೆ 18 ಡಾಲರ್. ಮುಂದೆ ಇಂಧನ ಬಿಟ್ಟು ಆಹಾರದ ಎಣ್ಣೆಯತ್ತ ತಿರುಗಿತು, ಟೆರಾವಿಯಾ ಅಂತ ಹೆಸರೂ ಬದಲಿಸಿತು. 2017ರಲ್ಲಿ ದಿವಾಳಿ ಅರ್ಜಿ ಹಾಕಿತು.

ಪೆನ್ನಿ ಷೇರಿನ ಕಾಟ ಇದರ ಮೇಲೆ ಬೇರೆ. ಆದಾಯವಿಲ್ಲದ ಕಂಪನಿ ಸಂಬಳ ಕೊಡಲೂ ಹೊಸ ಷೇರು ಹೊರಡಿಸುತ್ತದೆ, ನಿಮ್ಮ ಪಾಲು ಕರಗುತ್ತಾ ಹೋಗುತ್ತದೆ. ಮಾರಲು ಹೋದರೆ ಕೊಳ್ಳುವವರೇ ಸಿಗದಿರಬಹುದು. "ಹೊಸ ಒಪ್ಪಂದ" ಅಂತ ಸುದ್ದಿ ಬಿಟ್ಟು ಬೆಲೆ ಏರಿಸಿ, ತಾವು ಮಾರಿ ಹೊರಬೀಳುವವರೂ ಇದ್ದಾರೆ. ಸುಮ್ನೆ ಸುದ್ದಿ ನಂಬಬೇಡಿ.

ಆದರೂ ಮನಸ್ಸಿದ್ದರೆ ವಾರ್ಷಿಕ ವರದಿ ತೆಗೆದು ನೋಡಿ. ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು? ಷೇರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಎಷ್ಟು ಹೆಚ್ಚಿದೆ? ಕಂಪನಿ ಮುಂದುವರಿಯುವುದೇ ಅನುಮಾನ ಅಂತ ಆಡಿಟರ್ ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆಯಾಗದಷ್ಟು ದುಡ್ಡನ್ನು ಮಾತ್ರ ಹಾಕಿ.