ದಾವಣಗೆರೆಯ ಪಿ.ಬಿ. ರಸ್ತೆ: ಗಿರಣಿಯ ಪಾಳಿಯಿಂದ ಕಚೇರಿಯ ವೇಳೆಗೆ

ದಾವಣಗೆರೆಗೆ ಹೊಸದಾಗಿ ವರ್ಗವಾಗಿ ಬಂದಿರುವ ನೀವು, ಇಲ್ಲಿನ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ 40 ವರ್ಷಗಳ ಹಿಂದೆ ಹೇಗಿತ್ತು, ಅದರ ಸ್ವರೂಪವನ್ನು ಬದಲಿಸಿದ್ದು ರಸ್ತೆ ವಿಸ್ತರಣೆಯೇ ಎಂದು ಕೇಳಿದ್ದೀರಿ. ಗಿರಣಿ ಕಾರ್ಮಿಕರ ಮನೆಯಲ್ಲಿ ಬೆಳೆದವನಾಗಿ ನನ್ನ ಉತ್ತರವಿಷ್ಟು: ರಸ್ತೆ ಅಗಲವಾದದ್ದಕ್ಕಿಂತ, ಅಲ್ಲಿನ ಅಂಗಡಿಗಳಿಗೆ ಬರುವ ಹಣ ಯಾರ ದುಡಿಮೆಯದು ಎಂಬುದು ಬದಲಾದದ್ದೇ ದೊಡ್ಡ ಬದಲಾವಣೆ.

ಆಗ ಪುಣೆ–ಬೆಂಗಳೂರು ಹೆದ್ದಾರಿಯೇ ಊರಿನ ನಡುವೆ ಹಾದುಹೋಗುತ್ತಿತ್ತು. ದೂರದ ಲಾರಿಗಳು, ಹರಿಹರದ ಬಸ್ಸುಗಳು, ಹತ್ತಿ ಹೇರಿಕೊಂಡ ಎತ್ತಿನ ಗಾಡಿಗಳು ಎಲ್ಲವೂ ಗಾಂಧಿ ವೃತ್ತವನ್ನು ದಾಟಿಯೇ ಮುಂದೆ ಸಾಗಬೇಕಿತ್ತು. 1936ರಲ್ಲಿ ರಾಜನಹಳ್ಳಿ ಹನುಮಂತಪ್ಪನವರು ಇಲ್ಲಿ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದ ಮೇಲೆ ಒಂದರ ಹಿಂದೊಂದು ಗಿರಣಿಗಳು ಬಂದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತ್ತು. ಗಿರಣಿಯ ಕೂಗು ಕೇಳಿದೊಡನೆ ಒಂದು ಪಾಳಿಯವರು ಸೈಕಲ್ ಹತ್ತಿ ಹೊರಬರುವರು, ಇನ್ನೊಂದು ಪಾಳಿಯವರು ಒಳಹೋಗುವರು. ಚಹಾದ ಅಂಗಡಿಗಳೂ ಖಾನಾವಳಿಗಳೂ ಒಲೆ ಹಚ್ಚುತ್ತಿದ್ದುದು ಆ ವೇಳೆಗೇ ಹೊಂದಿಕೊಂಡು. ತಿಂಗಳಿಡೀ ಉದ್ರಿ ಬರೆಸಿ ದಿನಸಿ ಒಯ್ಯುತ್ತಿದ್ದ ನಮ್ಮಂತಹ ಮನೆಗಳು ಬಟವಾಡೆಯ ದಿನ ಲೆಕ್ಕ ತೀರಿಸುತ್ತಿದ್ದವು. ಅಂದು ಸಂಜೆ ಬಟ್ಟೆ ಅಂಗಡಿಗಳಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಕಾರ್ಮಿಕರ ಮೆರವಣಿಗೆಗಳೂ ಇದೇ ರಸ್ತೆಯಲ್ಲಿ ಹೊರಡುತ್ತಿದ್ದವು. ಎಂಬತ್ತರ ದಶಕದಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಇಲ್ಲಿಂದ ವಿಧಾನಸಭೆಗೆ ಆಯ್ಕೆಯಾಗುತ್ತಿದ್ದರು ಎಂಬುದನ್ನು ನೆನೆದರೆ, ಆಗ ಈ ಊರಿನಲ್ಲಿ ಕಾರ್ಮಿಕರ ಮಾತಿಗೆ ಎಷ್ಟು ತೂಕವಿತ್ತೆಂದು ತಿಳಿಯುತ್ತದೆ.

ಹಳೆಯ ಯಂತ್ರಗಳು, ವಿದ್ಯುತ್ ಮಗ್ಗಗಳ ಪೈಪೋಟಿ, ಅಗ್ಗದ ಸಿಂಥೆಟಿಕ್ ಬಟ್ಟೆ, ಇವೆಲ್ಲವೂ ಸೇರಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮೊದಲು ಸೊರಗಿದವರು ಉದ್ರಿ ಕೊಟ್ಟಿದ್ದ ಸಣ್ಣ ಅಂಗಡಿಯವರು. ಕೆಲಸ ಕಳೆದುಕೊಂಡವರ ಬಾಕಿಯನ್ನು ಕೇಳಲಾರದೆ ಸುಮ್ಮನಾದ ಅಂಗಡಿಯವರನ್ನು ನಾನು ಬಲ್ಲೆ. ಊರಿನ ಇತಿಹಾಸ ಹೇಳುವವರು ಅವರನ್ನು ನೆನೆಯುವುದೇ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಷ್ಟರಲ್ಲಿ ಬೇರೆ ಕಡೆಯಿಂದ ಹಣ ಬರಲು ಆರಂಭವಾಗಿತ್ತು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಹೊರಗಿನ ವಿದ್ಯಾರ್ಥಿಗಳನ್ನೂ ರೋಗಿಗಳನ್ನೂ ಊರಿಗೆ ಕರೆತಂದವು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ, ಅದುವರೆಗೆ ಚಿತ್ರದುರ್ಗಕ್ಕೆ ಹೋಗಿ ಮುಗಿಸಬೇಕಿದ್ದ ಜಿಲ್ಲಾ ಕಚೇರಿಯ ಕೆಲಸಗಳಿಗೆ ಸುತ್ತಲಿನ ತಾಲ್ಲೂಕುಗಳ ಜನ ಇಲ್ಲಿಗೇ ಬರತೊಡಗಿದರು. ಖಾನಾವಳಿಗಳಿದ್ದಲ್ಲಿ ಲಾಡ್ಜುಗಳು, ಜೆರಾಕ್ಸ್ ಅಂಗಡಿಗಳು, ಮೊಬೈಲ್ ಮಳಿಗೆಗಳು ಎದ್ದವು. ಚತುಷ್ಪಥ ಹೆದ್ದಾರಿ ಊರ ಹೊರಗೆ ಸಾಗಿದ ಮೇಲೆ ದೂರದ ಲಾರಿಗಳ ಓಡಾಟ ತಗ್ಗಿತು. ಆ ಜಾಗವನ್ನು ಆಟೊಗಳೂ ಬೈಕುಗಳೂ ಬಹುಬೇಗ ತುಂಬಿದವು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಊರು ಸೇರಿದ ನಂತರದ ಕಾಮಗಾರಿಗಳನ್ನು ನೀವೇ ನೋಡುತ್ತಿದ್ದೀರಿ.

ಹಳೆಯ ವ್ಯಾಪಾರದ ರೀತಿಯನ್ನು ಈಗಲೂ ನೋಡಬೇಕೆಂದಿದ್ದರೆ ಬೆಳಗಿನ ಹೊತ್ತು ಮಂಡಿಪೇಟೆಗೆ ಹೋಗಿ. ಅಲ್ಲಿ ಹಮಾಲರು ಇಂದಿಗೂ ಬೆನ್ನ ಮೇಲೆ ಚೀಲ ಹೊತ್ತು ಸಗಟು ಅಂಗಡಿಗಳಿಗೆ ಸಾಗಿಸುತ್ತಾರೆ. ಆ ವೇಳೆಗೆ ದ್ವಿಚಕ್ರ ವಾಹನ ಒಯ್ಯಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ.