ಸ್ತೋತ್ರದ ಅಡಿಯಲ್ಲಿ ಹೂತಿದ್ದ ಮೊರೆ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟ ಮಹಿಳೆಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಾಯಿಸಲಾಗಿದೆ. ಇಲ್ಲಿ ಅವರನ್ನು ಸುಗುಣಾ ಎಂದು ಕರೆಯುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಧಾರವಾಡ ಸೀಮೆಯ ಒಂದು ಊರಿನಲ್ಲಿ ಪ್ರೌಢಶಾಲೆಯ ಶಿಕ್ಷಕಿ. ತಮ್ಮ ಕ್ರೈಸ್ತ ಸಭೆಯ ಸಂಡೇ ಸ್ಕೂಲ್‌ನಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಕಲಿಸಿದವರು. ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡು ವರ್ಷ ಕಳೆದಿತ್ತು. ಬಿಡದ ತಲೆನೋವು ಮತ್ತು ನಿದ್ರಾಹೀನತೆಗೆ ದೇಹದಲ್ಲಿ ಯಾವ ಕಾರಣವೂ ಸಿಗದಿದ್ದಾಗ ಅವರ ವೈದ್ಯರು ನನ್ನಲ್ಲಿಗೆ ಕಳುಹಿಸಿದರು.

ಮೊದಲ ಭೇಟಿಯಲ್ಲಿ ಅವರು ಮಗನ ಬಗ್ಗೆ ಹೆಚ್ಚು ಮಾತನಾಡಲಿಲ್ಲ. ಅವರನ್ನು ಕಾಡುತ್ತಿದ್ದದ್ದು ಪ್ರಾರ್ಥನೆ. “ಮೇಡಂ, ಪ್ರಾರ್ಥನಾಕ್ಕ ಕೂತ್ರ ಬಾಯಾಗ ಸ್ತೋತ್ರ ಅನ್ನೋದೊಂದೇ ಬರ್ತದ. ಅದನ್ನ ಅಂದ ಕೂಡ್ಲೇ ನಾ ಸುಳ್ಳು ಹೇಳಾಕತ್ತೀನಿ ಅನಸ್ತದ. ಬ್ಯಾರೆ ಏನರ ಅಂದ್ರ ಪಾಪ ಆಗ್ತದಂತ ಅಂಜಿಕಿ.” ಕರ್ತನ ಭೋಜನದ (ಯೇಸುವಿನ ಮರಣದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಭಾನುವಾರಗಳಲ್ಲಿ ಅವರು ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದರು. ದೇವರ ಮೇಲೆ ಸಿಟ್ಟಿಟ್ಟುಕೊಂಡು ಆತನ ಮೇಜಿಗೆ ಕೈಯೊಡ್ಡುವುದು ಅಯೋಗ್ಯವೆಂದು ಅವರು ನಂಬಿದ್ದರು.

ಈ ಸ್ಥಿತಿ ಹೇಗೆ ಬಂತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಸಭೆಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಮಗನಿಗೆ ಚಿಕಿತ್ಸೆ ನಡೆಯುತ್ತಿದ್ದಾಗ ಮನೆ ಪ್ರಾರ್ಥನೆಗಳು, ಉಪವಾಸ ಪ್ರಾರ್ಥನೆಗಳು ಎಡೆಬಿಡದೆ ನಡೆದವು. ಅವನು ಖಂಡಿತ ಗುಣವಾಗುತ್ತಾನೆ ಎಂದು ಕೆಲವರು ದೇವರ ಹೆಸರಿನಲ್ಲೇ ಭರವಸೆ ಕೊಟ್ಟಿದ್ದರು. ಅವನು ತೀರಿಕೊಂಡಾಗ ಅದೇ ಜನರಲ್ಲಿ ಕೆಲವರು ದೇವರ ಚಿತ್ತ ಎಂದರು, ಒಬ್ಬರು ವಿಶ್ವಾಸ ಸಾಲದೆ ಹೋಯಿತೇನೋ ಎಂದರು. ಸಮಾಧಿಯ ಆರಾಧನೆಯಲ್ಲಿ ಸುಗುಣಾ ಎದ್ದು ನಿಂತು, ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು, ಆತನ ನಾಮಕ್ಕೆ ಸ್ತೋತ್ರ ಎಂಬ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಬೈಬಲಿನ ಯೋಬನ ಮಾತನ್ನು ಕಣ್ಣೀರಿಲ್ಲದೆ ಹೇಳಿದರು. ಆ ಮಾತು ಅವರ ಹೃದಯದಿಂದಲೇ ಬಂದಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಂದಿನಿಂದ ಅವರು ಊರಿಗೆಲ್ಲ ವಿಶ್ವಾಸದ ಮಾದರಿಯಾದರು. ಅಕ್ಕಪಕ್ಕದ ಸಭೆಗಳವರೂ ತಮ್ಮ ವಿಶ್ವಾಸದ ಅನುಭವವನ್ನು ಸಾಕ್ಷಿಯಾಗಿ ಹೇಳಲು ಕರೆಯತೊಡಗಿದರು. ಹೊಗಳಿಕೆ ಹೆಚ್ಚಾದಷ್ಟೂ ಅವರಿಗೆ ಅಳಲು ಜಾಗವಿಲ್ಲದಂತಾಯಿತು. ಗಂಡನ ಮುಂದೆಯೂ ಅಳಲಿಲ್ಲ, ದೇವರ ಮುಂದೆಯಂತೂ ಇಲ್ಲವೇ ಇಲ್ಲ.

ಆಧ್ಯಾತ್ಮಿಕ ವಿಷಯಕ್ಕೆ ಕೈಹಾಕುವ ಮೊದಲು ಬೇರೆ ಕೆಲವನ್ನು ಖಚಿತಪಡಿಸಿಕೊಂಡೆ. ಬದುಕು ಸಾಕು ಎನಿಸುತ್ತದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಮಗನ ಬಳಿ ಹೋಗಬೇಕೆನಿಸುತ್ತದೆ, ಆದರೆ ಏನನ್ನೂ ಮಾಡಿಕೊಳ್ಳುವ ಯೋಚನೆಯಿಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ವರ್ಗೀಕರಣದ ಪ್ರಕಾರ, ಆಪ್ತರ ಸಾವಿನ ನಂತರ 6 ತಿಂಗಳು ದಾಟಿಯೂ ತೀವ್ರ ಹಂಬಲ ಮತ್ತು ನೋವು ತಗ್ಗದೆ ದಿನದ ಬದುಕನ್ನೇ ಕುಂಠಿತಗೊಳಿಸಿದರೆ ಅದನ್ನು ದೀರ್ಘಕಾಲಿಕ ಶೋಕದ ತೊಂದರೆಯೆಂದು ಪರಿಗಣಿಸಬಹುದು. ಅಮೆರಿಕದ ಮನೋವೈದ್ಯಕೀಯ ಸಂಘದ 2022ರ ಪರಿಷ್ಕೃತ ಕೈಪಿಡಿ ವಯಸ್ಕರಿಗೆ 12 ತಿಂಗಳ ಅವಧಿಯನ್ನು ಹೇಳುತ್ತದೆ. ಆದ್ದರಿಂದ ಮನೋವೈದ್ಯರೊಬ್ಬರನ್ನು ಕಾಣಲು ಒತ್ತಾಯಿಸಿದೆ, ಅವರು ನಿದ್ರೆಗೆ ಮತ್ತು ಖಿನ್ನತೆಗೆ ಔಷಧ ಆರಂಭಿಸಿದರು. ಹಗಲಿರುಳೆನ್ನದೆ ಉಚಿತವಾಗಿ ಸಿಗುವ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅನ್ನು ಅವರ ಗಂಡನ ಫೋನಿನಲ್ಲೂ ಬರೆಸಿದೆ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯಲ್ಲವೇ ಎಂದು ಸುಗುಣಾ ಕೇಳಿದರು. ಬೈಬಲಿನ ಪ್ರವಾದಿ ಎಲೀಯನು ಸಾಯಬೇಕೆಂದು ಬೇಡಿಕೊಂಡು ಜಾಲಿಗಿಡದ ಕೆಳಗೆ ಮಲಗಿದಾಗ ದೇವದೂತನು ಉಪದೇಶ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು ಎಂಬುದನ್ನು ನೆನಪಿಸಿದೆ.

ಅನಂತರ ಅವರು ಸಮಾಧಿಯ ಬಳಿ ಹೇಳಿದ ವಾಕ್ಯಕ್ಕೇ ನಾವು ಮರಳಿದೆವು. ಯೋಬನು ಆ ಮಾತನ್ನು ಹೇಳಿದ್ದು ಮೊದಲ ಅಧ್ಯಾಯದಲ್ಲಿ. ಆ ಪುಸ್ತಕದಲ್ಲಿ 42 ಅಧ್ಯಾಯಗಳಿವೆ. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಮುಂದೆ ದೇವರು ತನ್ನನ್ನು ಗುರಿಹಲಗೆಯಾಗಿ ಮಾಡಿಕೊಂಡಿದ್ದಾನೆಂದು ದೂರುತ್ತಾನೆ, ಆತನೊಂದಿಗೇ ವಾದಿಸಬೇಕೆಂದು ಹಟ ಹಿಡಿಯುತ್ತಾನೆ. ದೇವರ ಪರವಾಗಿ ವಕಾಲತ್ತು ವಹಿಸಿ ಅಚ್ಚುಕಟ್ಟಾದ ಮಾತುಗಳನ್ನಾಡಿದವರು ಅವನ ಮೂವರು ಸ್ನೇಹಿತರು. ಕೊನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ಆ ಸ್ನೇಹಿತರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಯೋಬನೇ ಎಂದು ಆತನು ತೀರ್ಪು ಕೊಡುತ್ತಾನೆ. ನಾವು ಸಾಮಾನ್ಯವಾಗಿ ಮೊದಲ ಅಧ್ಯಾಯವನ್ನು ಓದಿ ಪುಸ್ತಕ ಮುಚ್ಚುತ್ತೇವೆ, ದುಃಖಿತರೂ ಅಲ್ಲಿಗೇ ನಿಲ್ಲಬೇಕೆಂದು ನಿರೀಕ್ಷಿಸುತ್ತೇವೆ. “ನಿಮ್ಮ ಮೊದಲ ಅಧ್ಯಾಯ ಸುಳ್ಳಲ್ಲ. ಮೂರನೆಯದನ್ನು ನಿಮಗೆ ಯಾರೂ ಓದಗೊಡಲಿಲ್ಲ, ಅಷ್ಟೇ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಆಮೇಲೆ ಅವರಾಗಿಯೇ ಒಂದು ವಿಷಯ ಹೇಳಿದರು. ಹಿಂದೊಮ್ಮೆ ಶುಭಶುಕ್ರವಾರದ ಮಧ್ಯಾಹ್ನದ ಆರಾಧನೆಯಲ್ಲಿ ಶಿಲುಬೆಯ ಏಳು ಮಾತುಗಳಲ್ಲಿ ನಾಲ್ಕನೆಯದನ್ನು ಕುರಿತು ಪ್ರಸಂಗ ಮಾಡುವ ಸರದಿ ಅವರದಾಗಿತ್ತು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಅದು ಬೈಬಲಿನ 22ನೆಯ ಕೀರ್ತನೆಯ ಮೊದಲ ಸಾಲು ಎಂದು ಅವರು ಸಭೆಗೆ ವಿವರಿಸಿದ್ದರು. ಯೇಸು ತನ್ನ ಅತಿ ಕಠಿಣ ಗಳಿಗೆಯಲ್ಲಿ ಪ್ರಾರ್ಥಿಸಲು ಆರಿಸಿಕೊಂಡದ್ದು ತನ್ನ ಜನರ ಕೀರ್ತನೆಪುಸ್ತಕದ ಒಂದು ದೂರಿನ ಸಾಲನ್ನು ಎಂಬುದು ಅವರಿಗೆ ಗೊತ್ತಿತ್ತು. ಆ ಸಾಲನ್ನು ತಾವೂ ಹೇಳಬಹುದೆಂದು ಮಾತ್ರ ಅವರಿಗೆ ಎಂದೂ ಹೊಳೆದಿರಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವು ಆತನು ಬಲವಾಗಿ ಕೂಗುತ್ತ ಕಣ್ಣೀರು ಸುರಿಸುತ್ತ ಪ್ರಾರ್ಥಿಸಿದನೆಂದು ಹೇಳುವುದನ್ನು ಅಂದು ಇಬ್ಬರೂ ಕೂಡಿ ಓದಿದೆವು.

ಅವರ ಇನ್ನೊಂದು ಭಯ ಹೆಚ್ಚು ಗಟ್ಟಿಯಾದದ್ದು. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾಗಿ ಬರುವಾಗ ಅರಣ್ಯದಲ್ಲಿ ಗುಣುಗುಟ್ಟಿದ ಇಸ್ರಾಯೇಲ್ಯರ ಮೇಲೆ ದೇವರು ಕೋಪಗೊಂಡನಲ್ಲವೇ, ತಾನು ದೂರಿದರೆ ಅದೂ ಗುಣುಗುಟ್ಟಿದಂತೆಯೇ ಆಗುವುದಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೈಬಲಿನ ಅರಣ್ಯಕಾಂಡವೆಂಬ ಪುಸ್ತಕದ 11ನೆಯ ಅಧ್ಯಾಯದಲ್ಲಿ ಗುಣುಗುಟ್ಟುವುದು, ಮೊರೆಯಿಡುವುದು ಎರಡೂ ಒಟ್ಟಿಗೇ ಇವೆ. ಜನರು ತಮ್ಮ ತಮ್ಮ ಡೇರೆಗಳ ಬಾಗಿಲಲ್ಲಿ ಕುಳಿತು, ಐಗುಪ್ತದ ಮೀನು ಸೌತೆಕಾಯಿಗಳನ್ನು ನೆನೆದು ಅಳುತ್ತಾರೆ. ಅಲ್ಲಿಂದ ಬಂದದ್ದೇ ತಪ್ಪಾಯಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ದೇವರಿಗೆ ಮಾತ್ರ ಹೇಳುವುದಿಲ್ಲ. ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆ ನೇರವಾಗಿ ದೇವರ ಮುಂದೆ ನಿಂತು, ಈ ಜನರನ್ನೆಲ್ಲ ನಾನು ಹೆತ್ತೆನೋ, ಈ ಭಾರ ನನ್ನಿಂದಾಗದು, ಹೀಗೇ ನಡೆಸುವುದಾದರೆ ನನ್ನನ್ನು ಕೊಂದುಬಿಡು ಎನ್ನುತ್ತಾನೆ. ಮೋಶೆಯ ಮಾತು ಜನರ ಮಾತಿಗಿಂತ ಒರಟಾದದ್ದು. ಆದರೂ ದೇವರು ಅವನನ್ನು ಶಿಕ್ಷಿಸದೆ, ಭಾರ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರನ್ನು ಕೊಡುತ್ತಾನೆ. ಗುಣುಗುಟ್ಟುವವನು ದೇವರಿಗೆ ಬೆನ್ನು ತಿರುಗಿಸಿ ಮಾತನಾಡುತ್ತಾನೆ, ಮೊರೆಯಿಡುವವನು ಆತನ ಮುಖ ನೋಡಿ ಮಾತನಾಡುತ್ತಾನೆ. ದೇವರೊಡನೆ ಜಗಳವಾಡುವ ವ್ಯಕ್ತಿ ಆತನನ್ನು ಬಿಟ್ಟುಹೋಗಿಲ್ಲ. ನನ್ನ ದೃಷ್ಟಿಯಲ್ಲಿ, ಶಿಷ್ಟವಾದ ಸ್ತೋತ್ರದ ಹಿಂದೆ ಅಡಗಿ ಕುಳಿತವರೇ ಆತನಿಂದ ಹೆಚ್ಚು ದೂರವಿರುತ್ತಾರೆ.

ನಾನು ಕೊಟ್ಟ ಸಲಹೆ ಇಷ್ಟು. ದಿನಕ್ಕೊಮ್ಮೆ, ಸಂಜೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ, ಒಂದು ನೋಟ್‌ಬುಕ್ಕಿನಲ್ಲಿ ದೇವರನ್ನು ಹೆಸರಿಟ್ಟು ಕರೆದು ಬರೆಯಬೇಕು. ಅವಧಿಗೆ ಮಿತಿ ಇಟ್ಟದ್ದು ಬೇಕೆಂದೇ, ಏಕೆಂದರೆ ಖಿನ್ನತೆಯಿರುವವರು ಗಂಟೆಗಟ್ಟಲೆ ಒಂದೇ ನೋವನ್ನು ಕೆದಕುತ್ತ ಕುಳಿತರೆ ಅದು ಪ್ರಾರ್ಥನೆಯಾಗಿ ಉಳಿಯದು. ದಾರಿ ತೋರಿಸಲು 13ನೆಯ ಕೀರ್ತನೆಯನ್ನು ಕೊಟ್ಟೆ. ಅದರಲ್ಲಿರುವುದು ಆರೇ ವಚನಗಳು. ಮೊದಲೆರಡರಲ್ಲಿ ಎಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ ಮತ್ತು ಹಾಡು. ಆ ಕೊನೆಯ ಭಾಗವನ್ನು ಈಗ ಬರೆಯುವುದು ಬೇಡ, ತಾನಾಗಿ ಬಂದ ದಿನ ಬರೆಯಿರಿ ಎಂದು ತಿಳಿಸಿದೆ. ಬರೆದದ್ದನ್ನು ನನಗೆ ತೋರಿಸುವ ಕಡ್ಡಾಯವಿರಲಿಲ್ಲ.

ಮೊದಲ ವಾರದ ಪುಟಗಳಲ್ಲಿ ಒಂದೊಂದೇ ಸಾಲಿತ್ತು. ಅನಂತರ ಒಂದು ಸಂಜೆ ಪುಟ ತುಂಬಿತು. ಅದರಲ್ಲಿನ ಎರಡು ವಾಕ್ಯಗಳನ್ನು ಇಲ್ಲಿ ಸೇರಿಸಲು ಅವರು ಒಪ್ಪಿದ್ದಾರೆ: “ಎಲ್ಲರ ಮಕ್ಕಳಿಗೂ ನಿನ್ನ ಕಥಿ ಹೇಳಿಕೊಟ್ಟೆ, ನನ್ನ ಮಗನ್ನ ನೀ ಉಳಿಸಲಿಲ್ಲ. ನಾ ಕರದಾಗ ಎಲ್ಲಿದ್ದಿ?” ಇದನ್ನು ಓದುವಾಗ ಅವರು ಮಗನ ಸಾವಿನ ನಂತರ ಮೊದಲ ಬಾರಿ ಬೇರೊಬ್ಬರ ಎದುರು ಅತ್ತರು. ಬೆಥಾನ್ಯದ ಮಾರ್ಥಳೂ ಮರಿಯಳೂ ಯೇಸುವಿಗೆ ಹೇಳಿದ್ದು ಇದನ್ನೇ: ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮನು ಸಾಯುತ್ತಿರಲಿಲ್ಲ. ಆತನು ಆ ಮಾತಿಗೆ ಅವರನ್ನು ಗದರಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಆ ತಮ್ಮ ಲಾಜರನನ್ನು ಸಾವಿನಿಂದ ಎಬ್ಬಿಸಲಿದ್ದರೂ ಅವರೊಂದಿಗೆ ಕಣ್ಣೀರು ಬಿಟ್ಟನು.

ಕೆಲವು ವಾರಗಳ ನಂತರ ಅವರು 88ನೆಯ ಕೀರ್ತನೆಗೆ ಬಂದು ಅಲ್ಲೇ ನಿಂತರು. ಬೇರೆ ಪ್ರಲಾಪದ, ಎಂದರೆ ದುಃಖ ತೋಡಿಕೊಳ್ಳುವ, ಕೀರ್ತನೆಗಳಲ್ಲಿ ಎಲ್ಲೋ ಒಂದು ಕಡೆ ಬೆಳಕು ಕಾಣುತ್ತದೆ. ಇದು ಆಪ್ತರು ದೂರವಾದರೆಂಬ ದೂರಿನಲ್ಲಿ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಇದು ಬೈಬಲಿನಲ್ಲಿ ಯಾಕಿದೆ ಎಂದು ಕೇಳಿದರು. ಅದರ ತಲೆಬರಹವನ್ನು ನೋಡಲು ಹೇಳಿದೆ. ಅದು ಹೇಮಾನನ ಹೆಸರಿನಲ್ಲಿದೆ, ದೇವಾಲಯದ ಗಾಯಕರಾದ ಕೋರಹಿಯರ ಕೀರ್ತನೆಯೆಂದು, ಪ್ರಧಾನ ಗಾಯಕನ ವಶಕ್ಕೆ ಕೊಟ್ಟದ್ದೆಂದು ಬರೆದಿದೆ. ಎಂದರೆ ಯಾರೋ ಒಬ್ಬರ ಖಾಸಗಿ ಹತಾಶೆಯೆಂದು ಅದನ್ನು ಬದಿಗಿಡಲಿಲ್ಲ, ಜನರು ಕೂಡಿ ಹಾಡಲು ಉಳಿಸಿಕೊಂಡರು. ಮೊದಲ ವಚನದಲ್ಲೇ ಆ ಕವಿ ನನ್ನನ್ನು ರಕ್ಷಿಸುವ ದೇವರೇ ಎಂದು ಕರೆದಿದ್ದಾನೆ. ಕತ್ತಲೆ ಕಳೆಯದಿದ್ದರೂ ಅವನು ಕರೆಯುವುದನ್ನು ಬಿಟ್ಟಿಲ್ಲ. ಭರವಸೆಯ ಮಾತು ಬರದ ದಿನ ಬರೀ ಆ ಸಂಬೋಧನೆಯಷ್ಟೇ ಸಾಕೆಂದು ಸುಗುಣಾ ಅವರಿಗೆ ತೋರಿದ್ದು ಆ ಕೀರ್ತನೆಯಿಂದ.

ಗಂಡನನ್ನು ಎರಡು ಭೇಟಿಗಳಿಗೆ ಕರೆಸಿದೆ. ಅವರ ದುಃಖ ಬೇರೆ ಬಗೆಯದಾಗಿತ್ತು: ಮಾತಿಲ್ಲ, ಪ್ರಾರ್ಥನೆಯಿಲ್ಲ, ಹೊಲದ ಕೆಲಸವೇ ಎಲ್ಲ. ಅವರನ್ನು ಬರೆಯಲು ಒತ್ತಾಯಿಸಲಿಲ್ಲ. ರಾತ್ರಿ ಊಟದ ನಂತರ ಮಗನ ಹೆಸರೆತ್ತಿ ಒಂದು ನೆನಪನ್ನಾದರೂ ಇಬ್ಬರೂ ಹಂಚಿಕೊಳ್ಳಿರಿ ಎಂದಷ್ಟೇ ಕೇಳಿಕೊಂಡೆ.

ಸುಗುಣಾ ಅವರ ಅನುಮತಿಯಿಂದ ಸಭಾಪಾಲಕರೊಡನೆಯೂ ಮಾತನಾಡಿದೆ. ಅವರನ್ನು ಸದ್ಯಕ್ಕೆ ಸಾಕ್ಷಿ ಹೇಳಲು ಕರೆಯಬಾರದು, ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂಬ ವಚನವನ್ನು ಅವರ ಬಾಯಿ ಮುಚ್ಚಿಸಲು ಬಳಸಬಾರದು ಎಂದು ಕೇಳಿಕೊಂಡೆ. ಆ ವಚನ ಬರೆದ ಅಪೊಸ್ತಲ ಪೌಲನೇ ಅಳುವವರ ಸಂಗಡ ಅಳಿರಿ ಎಂದೂ ಬರೆದಿದ್ದಾನೆ. ತನ್ನ ಜೊತೆಗೆಲಸದವನಾದ ಎಪಫ್ರೊದೀತನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಸಭಾಪಾಲಕರು ಇದನ್ನು ಮನಸ್ಸಿಗೆ ತೆಗೆದುಕೊಂಡು, ತಿಂಗಳ ಒಂದು ಪ್ರಾರ್ಥನಾಕೂಟದಲ್ಲಿ ಪ್ರಲಾಪದ ಕೀರ್ತನೆಯೊಂದನ್ನು ಓದಿ ಸ್ವಲ್ಪ ಹೊತ್ತು ಮೌನವಾಗಿರುವ ಪದ್ಧತಿ ಆರಂಭಿಸಿದರು. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ್ದರಲ್ಲಿ ಅತ್ಯುತ್ತಮವಾದದ್ದು ಅದೇ ಎಂದು ನಾನು ಈಗಲೂ ನಂಬುತ್ತೇನೆ.

ಈಗ ಸುಗುಣಾ ಅವರ ನಿದ್ರೆ ಸುಧಾರಿಸಿದೆ, ಔಷಧ ಮುಂದುವರಿದಿದೆ. ಕರ್ತನ ಭೋಜನಕ್ಕೆ ಮರಳಿದ್ದಾರೆ, ಆದರೆ ಸಿಟ್ಟು ಪೂರ್ತಿ ಹೋಗಿಲ್ಲ, ಹೋಗಬೇಕೆಂಬ ಷರತ್ತನ್ನೂ ಈಗ ತಮಗೆ ಹಾಕಿಕೊಂಡಿಲ್ಲ. ಸಂಡೇ ಸ್ಕೂಲ್ ಇನ್ನೂ ಆಗದು ಎನ್ನುತ್ತಾರೆ. ಮಗನನ್ನು ದೇವರು ಯಾಕೆ ಉಳಿಸಲಿಲ್ಲ ಎಂಬುದಕ್ಕೆ ಅವರಿಗೆ ಉತ್ತರ ಸಿಕ್ಕಿಲ್ಲ, ಉತ್ತರ ಕೊಡಲು ನಾನೂ ಯತ್ನಿಸಲಿಲ್ಲ. ಆದರೆ ಅವರ ಪ್ರಾರ್ಥನೆಯಲ್ಲಿ ಬೇರೆಯವರು ಮತ್ತೆ ಕಾಣಿಸಿಕೊಳ್ಳತೊಡಗಿದ್ದಾರೆ. ಇತ್ತೀಚೆಗೆ ಮಗುವನ್ನು ಕಳೆದುಕೊಂಡ ನೆರೆಮನೆಯ ತಾಯಿಯ ಬಳಿ ಹೋಗಿ, ಯಾವ ವಚನವನ್ನೂ ಹೇಳದೆ, ಮಧ್ಯಾಹ್ನವಿಡೀ ಕುಳಿತು ಬಂದರು. ಆಧ್ಯಾತ್ಮಿಕ ಬೆಳವಣಿಗೆ ಎಂಬುದನ್ನು ನಾನು ಇಂಥಲ್ಲಿ ಗುರುತಿಸುತ್ತೇನೆ.

ಈ ಕೆಲಸದಲ್ಲಿರುವ ಇತರರಿಗೆ ಎರಡು ಎಚ್ಚರಿಕೆಗಳಿವೆ. ಮೊರೆಯಿಡುವುದನ್ನು ಸಮಾಧಾನ ತರುವ ಉಪಾಯವೆಂದು ಕಲಿಸಬೇಡಿರಿ, ಏಕೆಂದರೆ ಸಮಾಧಾನ ಬರದಿದ್ದಾಗ ಅವರು ಅದನ್ನೂ ತಮ್ಮ ಸೋಲೆಂದು ಎಣಿಸುತ್ತಾರೆ. ಸಾಯುವ ಯೋಚನೆ, ಊಟ ಬಿಡುವುದು, ವಾಸ್ತವದ ಅರಿವು ತಪ್ಪುವುದು ಕಂಡರೆ ಬರವಣಿಗೆಯನ್ನು ನಿಲ್ಲಿಸಿ ಅದೇ ದಿನ ಮನೋವೈದ್ಯರ ಬಳಿ ಕರೆದೊಯ್ಯಿರಿ, ಆ ದಿನ ಅವರನ್ನು ಒಂಟಿಯಾಗಿ ಬಿಡಬೇಡಿರಿ.