ಕಂದು ಗೆರೆಯಲ್ಲಿ ಮಾತ್ರ ತೂತೇಕೆ?

ಓದುಗರ ಪತ್ರ: ಇಂಗ್ಲೆಂಡಿನಲ್ಲಿ ಹಳೆ ಸಾಮಾನಿನ ಅಂಗಡಿಯಿಂದ ಗುಲಾಬಿ ಹೂಗಳ ಅಚ್ಚಿನ ಹತ್ತಿ ಪರದೆಯೊಂದನ್ನು ಕೊಂಡೆ. ವಿಕ್ಟೋರಿಯಾ ಕಾಲದ್ದಂತೆ. ಕೆಂಪು ಇನ್ನೂ ಗಟ್ಟಿಯಾಗಿದೆ, ಹೂವಿನ ಸುತ್ತಲಿನ ಕಂದು ಗೆರೆ ಮಾತ್ರ ತೂತುಬಿದ್ದಿದೆ. ಹುಳು ತಿಂದಿದೆಯೇ? ಇದು ಕೈಯಚ್ಚೇ? ಮನೆಯಲ್ಲಿ ಒಗೆಯಬಹುದೇ?

ಸಂಪಾದಕರ ಉತ್ತರ: ಹುಳುವಿಗೆ ಗೆರೆ ಹಿಡಿದು ತಿನ್ನುವ ಶಿಸ್ತಿಲ್ಲ. ಆ ಕಂದಿನಲ್ಲಿ ಕಬ್ಬಿಣ ಇರುವ ಸಂಭವವೇ ಹೆಚ್ಚು.

ಮಂಜಿಷ್ಠದ ಬೇರಿನಿಂದ ಬಣ್ಣ ಬರಿಸುವ ಅಚ್ಚಿನಲ್ಲಿ ಬಟ್ಟೆಗೆ ಮೊದಲು ಬೀಳುತ್ತಿದ್ದುದು ಬಣ್ಣ ಕಚ್ಚಿಸುವ ಲವಣ. ಗೋಂದು ಇಲ್ಲವೇ ಗಂಜಿಯಲ್ಲಿ ಕಲಸಿದ ಅಲ್ಯೂಮಿನಿಯಂ ಅಸಿಟೇಟ್ ಬಿದ್ದಲ್ಲಿ ಕೆಂಪು, ಕಬ್ಬಿಣದ ಅಸಿಟೇಟ್ ದಟ್ಟವಾಗಿ ಬಿದ್ದಲ್ಲಿ ಕಪ್ಪು, ತೆಳುವಾಗಿ ಬಿದ್ದಲ್ಲಿ ನೇರಳೆ, ಎರಡೂ ಬೆರೆತಲ್ಲಿ ಕಂದು. ಅಚ್ಚಾದ ಬಟ್ಟೆಯನ್ನು ತೇವದ ಬೆಚ್ಚನೆ ಕೋಣೆಯಲ್ಲಿ ತೂಗುಹಾಕಿ, ಆಮೇಲೆ ಬಿಸಿ ಸಗಣಿ ನೀರಿನಲ್ಲಿ ಹಾಯಿಸುತ್ತಿದ್ದರು. ಹೌದು, ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆಯಾದ ಲ್ಯಾಂಕಶೈರ್‌ನಲ್ಲೂ ಸಗಣಿಯೇ! ಗಂಜಿಯೂ ಎಳೆಗೆ ಅಂಟದೆ ಉಳಿದ ಲವಣವೂ ಅದರಲ್ಲಿ ಕಳಚುತ್ತಿದ್ದವು. ಇಲ್ಲದಿದ್ದರೆ ಬಿಳಿ ಜಾಗಕ್ಕೂ ಕಲೆ. ಕೊನೆಗೆ ಒಂದೇ ಹಂಡೆಯ ಮಂಜಿಷ್ಠದಲ್ಲಿ ಅದ್ದಿದರೆ ಇಷ್ಟೂ ಬಣ್ಣ ಒಟ್ಟಿಗೆ ಎದ್ದುಬರುತ್ತಿದ್ದವು. ಆ ಬೇರಿನಲ್ಲಿ ಬಣ್ಣ ಕೊಡುವ ವಸ್ತು ಅಲಿಜರಿನ್; 1869ರಲ್ಲಿ ಅದರ ಕೃತಕ ರೂಪಕ್ಕೆ ಪೇಟೆಂಟ್ ಆದಮೇಲೆ ಬೇರಿನ ಕೆಲಸವನ್ನು ಅದು ಕಸಿದುಕೊಂಡಿತು. ಲವಣಗಳು ಮಾತ್ರ ಅವೇ ಉಳಿದವು. ಕಬ್ಬಿಣ ಗಾಳಿ, ತೇವ ಸಿಕ್ಕಾಗಲೆಲ್ಲ ಹತ್ತಿಯ ಎಳೆಯನ್ನು ಸವೆಸುತ್ತದೆ. ಅಲ್ಯೂಮಿನಿಯಂಗೆ ಆ ಚಾಳಿಯಿಲ್ಲ. ನಿಮ್ಮ ಗುಲಾಬಿ ಉಳಿದು ಗೆರೆ ಹೋದದ್ದು ಹೀಗೆ. ಗೆರೆ ಅಚ್ಚ ಕಪ್ಪಾಗಿದ್ದರೆ ಅನಿಲಿನ್ ಎಂಬ ರಾಸಾಯನಿಕದಿಂದಾದ ಕಪ್ಪನ್ನೂ ಶಂಕಿಸಬೇಕು. 1863ರಲ್ಲಿ ಆಕ್ರಿಂಗ್ಟನ್ನಿನ ಜಾನ್ ಲೈಟ್‌ಫುಟ್ ತಂದ ಈ ಬಣ್ಣ ಬಟ್ಟೆಯ ಮೇಲೆಯೇ ಆಮ್ಲದಲ್ಲಿ ಹುಟ್ಟುವಂಥದ್ದು. ಹದ ತಪ್ಪಿದರೆ ಎಳೆ ಆಗಲೇ ಬೆಂದಿರುತ್ತದೆ.

ಕೈಯಚ್ಚೋ ಯಂತ್ರದ್ದೋ ತಿಳಿಯಲು ಭೂತಗನ್ನಡಿ ಸಾಕು. ಮರದಚ್ಚಾದರೆ ಅಚ್ಚು ಕೂಡಿಸುವಲ್ಲಿ ಗುರುತಿನ ಮೊಳೆಗಳ ಸಣ್ಣ ಚುಕ್ಕೆ ಕಂಡಾವು, ಬಣ್ಣದ ಅಂಚು ತುಸು ದಪ್ಪ. ಯಂತ್ರದ್ದಾದರೆ ನೆರಳಿಗೆ ಕೂದಲೆಳೆಯಂಥ ಗೀಟು, ಸೂಜಿಮೊನೆಯಂಥ ಚುಕ್ಕೆ. ಯಂತ್ರದಲ್ಲಿ ಅಚ್ಚೊತ್ತುವ ತಾಮ್ರದ ರೋಲರಿನ ಮೇಲಿನ ಹೆಚ್ಚುವರಿ ಬಣ್ಣ ಕೆರೆಯುವ ಉಕ್ಕಿನ ಪಟ್ಟಿಗೆ ಮರಳಿನ ಕಣ ಸಿಕ್ಕಿಕೊಂಡರೆ ಬಟ್ಟೆಯುದ್ದಕ್ಕೂ ಅಂಕುಡೊಂಕು ಗೆರೆ ಬೀಳುತ್ತಿತ್ತು. ಅದು ಸಿಕ್ಕಿತೋ, ಯಂತ್ರದ್ದೇ, ಸಂಶಯವೇ ಬೇಡ. ಥಾಮಸ್ ಬೆಲ್ 1783ರಲ್ಲೇ ರೋಲರಿಗೆ ಪೇಟೆಂಟ್ ಪಡೆದಿದ್ದ. 1831ರಲ್ಲಿ ಅಚ್ಚುಬಟ್ಟೆಯ ಮೇಲಿನ ಸುಂಕವೂ ಹೋದದ್ದರಿಂದ ಹೂವಿನ ಪರದೆ ಸಾಧಾರಣ ಮನೆಗಳ ಕೈಗೆಟುಕಿತು. ಸುರುಳಿ ಎಲೆ, ಉಬ್ಬು ಗುಲಾಬಿ, ರಿಬ್ಬನ್ನು ಎಲ್ಲವನ್ನೂ ಒಂದೇ ಬಟ್ಟೆಗೆ ತುರುಕಿದ್ದು ಆ ಕಾಲದ ವಿಮರ್ಶಕರಿಗೆ ಹಿಡಿಸಲಿಲ್ಲ. ನಮಗಂತೂ ಆ ಅತಿಯೇ ಅದರ ಸೊಗಸು.

ಇನ್ನು ಒಗೆತ. ಬೇಡ. ಮೇಲ್ಮೈ ಮಿರುಗುತ್ತಿದ್ದರೆ ಅದು ಗಂಜಿ, ಮೇಣ ಹಚ್ಚಿ ಬಿಸಿ ಉರುಳೆಯಲ್ಲಿ ಉಜ್ಜಿದ ಹೊಳಪು. ನೀರು ತಾಗಿದರೆ ಹೋಯಿತು. ಮಿರುಗದ, ಒರಟು ನೇಯ್ಗೆಯದಾದರೆ ಬಹುಶಃ ಕ್ರಿಟೋನ್, ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಬಳಕೆ ಹೆಚ್ಚಿದ್ದು. ಅದಕ್ಕೂ ಅಡುಗೆ ಸೋಡಾ ಬೇಡ: ಅದರಲ್ಲಿನ ನೀಲಿ ಪ್ರಷ್ಯನ್ ಬ್ಲೂ ಎಂಬ ಕಬ್ಬಿಣದ ಬಣ್ಣವಾಗಿದ್ದರೆ ಕ್ಷಾರಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಇರುವ ಬ್ಲೀಚಂತೂ ಕಬ್ಬಿಣದ ಜೊತೆ ಸೇರಿ ಉಳಿದ ಗೆರೆಯನ್ನೂ ತಿಂದುಹಾಕುತ್ತದೆ.

ಮಾಡಬೇಕಾದ್ದಿಷ್ಟು. ಪರದೆಯನ್ನು ಮೇಜಿನ ಮೇಲೆ ಹರವಿ, ಮೇಲೆ ನೈಲಾನ್ ಬಲೆ ಹಾಸಿ, ವ್ಯಾಕ್ಯೂಮನ್ನು ಅತಿ ಕಡಿಮೆ ಸೆಳೆತಕ್ಕಿಟ್ಟು ಎರಡೂ ಮಗ್ಗುಲ ಧೂಳು ತೆಗೆಯಿರಿ. ಹಿಂದಿನಿಂದ, ಗಂಜಿ ಹೋಗುವಂತೆ ಒಗೆದ ತೆಳು ಹತ್ತಿಬಟ್ಟೆ ಕೊಟ್ಟು, ಗಟ್ಟಿಯಿರುವ ಕೆಂಪು ಅಥವಾ ಬಿಳಿ ಜಾಗದಲ್ಲಿ ಮಾತ್ರ ಸಡಿಲ ಹೊಲಿಗೆ ಹಾಕಿ; ಕಂದು ಗೆರೆಗೆ ಸೂಜಿ ಚುಚ್ಚಿದರೆ ತೂತು ಬೆಳೆಯುತ್ತದೆ. ಅಂಟು, ಇಸ್ತ್ರಿ ಎರಡೂ ಕೂಡದು. ಮತ್ತೆ ಕಿಟಕಿಗೆ ತೂಗುಹಾಕಬೇಡಿ, ಭಾರವೆಲ್ಲ ಆ ಗೆರೆಗಳ ಮೇಲೆ ಬೀಳುತ್ತದೆ. ಮಡಿಸದೆ, ಆಮ್ಲರಹಿತ ಕಾಗದ ಸುತ್ತಿದ ದಪ್ಪ ಕೊಳವೆಗೆ ಅಚ್ಚು ಹೊರಮುಖವಾಗಿರುವಂತೆ ಸುತ್ತಿ, ತೇವವಿಲ್ಲದ ಕಡೆ ಇಡಿ.